ಐಸಿಯು ಮಾನಿಟರ್, ಪಂಪ್, ಇಎಂಆರ್ ಒಂದಕ್ಕೊಂದು ಹೊಂದದಿದ್ದಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಈಗ ಐಸಿಯುನ ಒಂದೊಂದು ಬೆಡ್‌ಗೂ ಮಾನಿಟರ್, ವೆಂಟಿಲೇಟರ್, ಔಷಧಿಯನ್ನು ಅಳತೆಯಂತೆ ರಕ್ತನಾಳಕ್ಕೆ ಹರಿಸುವ ಎರಡೋ ಮೂರೋ ಇನ್ಫ್ಯೂಷನ್ ಪಂಪ್ ಇರುತ್ತವೆ. ಒಂದೊಂದೂ ಒಂದೊಂದು ಕಂಪನಿಯದು. ಇವುಗಳ ರೀಡಿಂಗ್ ಎಲ್ಲ ಬೆಡ್‌ಗಳನ್ನೂ ಒಂದೇ ಕಡೆ ತೋರಿಸುವ ಸೆಂಟ್ರಲ್ ಸ್ಟೇಷನ್‌ಗೆ ಹೋಗುತ್ತದೆ, ಅಲ್ಲಿಂದ ಗೇಟ್‌ವೇ ಎಂಬ ಕಂಪ್ಯೂಟರ್ ಮೂಲಕ ಆಸ್ಪತ್ರೆಯ ಇಎಂಆರ್‌ಗೆ, ಅಂದರೆ ರೋಗಿಗಳ ಕಂಪ್ಯೂಟರ್ ದಾಖಲೆಗೆ, ಸೇರುತ್ತದೆ. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಕೈಕೊಡಬಹುದು. ಒಬ್ಬರೇ ಬಯೋಮೆಡಿಕಲ್ ಇಂಜಿನಿಯರ್, ಒಬ್ಬರೇ ಐಟಿ ಹುಡುಗ ಇರುವ ಮಧ್ಯಮ ಗಾತ್ರದ ಆಸ್ಪತ್ರೆಗಳಿಗೆ ಮತ್ತು ಅಲ್ಲಿ ರಾತ್ರಿ ಡ್ಯೂಟಿ ಮಾಡುವ ಸಿಸ್ಟರ್‌ಗಳಿಗೆ ಅಂತ ಇದನ್ನು ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡೇಟಾ ಬರದಿದ್ದರೆ ಐದು ನಿಮಿಷದಲ್ಲಿ ಯಾರಾದರೂ ಫೋನ್ ಮಾಡುತ್ತಾರೆ. ತಪ್ಪು ಡೇಟಾ ಬಂದರೆ ಯಾರೂ ಫೋನ್ ಮಾಡುವುದಿಲ್ಲ, ಅದನ್ನೇ ನಂಬಿ ಔಷಧಿ ಕೊಡುತ್ತಾರೆ. ಆದ್ದರಿಂದ "ಬರ್ತಾ ಇದೆ, ಬಿಡಿ" ಅನ್ನುವ ಹಂತಕ್ಕೆ ಯಾವತ್ತೂ ನಿಲ್ಲಿಸಬೇಡಿ. ಯಾರ ರೀಡಿಂಗ್, ಯಾವ ಹೊತ್ತಿನದು, ಯಾವ ಯೂನಿಟ್‌ನಲ್ಲಿದೆ, ಯಾವ ಮೆಷಿನ್‌ನದು ಅಂತ ನಾಲ್ಕೂ ನೋಡಿ.

ಕೈ ಹಾಕುವ ಮುಂಚೆ

ಮೊದಲು ರೋಗಿ, ಆಮೇಲೆ ಮೆಷಿನ್. ನೆಟ್‌ವರ್ಕ್ ಇಲ್ಲದಿದ್ದರೂ ಬೆಡ್ ಪಕ್ಕದ ಮಾನಿಟರ್ ಅಳೆಯುತ್ತಲೇ ಇರುತ್ತದೆ, ಅಲಾರಂ ಕೂಗುತ್ತಲೇ ಇರುತ್ತದೆ. ಸೆಂಟ್ರಲ್ ಸ್ಟೇಷನ್ ನಿಂತಾಗ ಹೋಗುವುದು ದೂರದಿಂದ ನೋಡುವ ಅನುಕೂಲ. ಆದರೆ ಅದನ್ನೇ ನಂಬಿಕೊಂಡು ಎಷ್ಟೋ ಕಡೆ ಬೆಡ್ ಪಕ್ಕದ ಅಲಾರಂ ವಾಲ್ಯೂಮ್ ತಗ್ಗಿಸಿಟ್ಟಿರುತ್ತಾರೆ. ಸಂಪರ್ಕ ತಪ್ಪಿದ ತಕ್ಷಣ ಅದನ್ನು ಜಾಸ್ತಿ ಮಾಡಿ, ಲಿಮಿಟ್ ನೋಡಿ, ಒಬ್ಬ ಸಿಸ್ಟರನ್ನು ಅಲ್ಲೇ ನಿಲ್ಲಿಸಿ, ರೀಡಿಂಗನ್ನು ಪೇಪರ್ ಚಾರ್ಟ್‌ನಲ್ಲಿ ಬರೆಯಲು ಹೇಳಿ.

ರೋಗಿಗೆ ಜೋಡಿಸಿರುವ ಪಂಪನ್ನಾಗಲಿ ವೆಂಟಿಲೇಟರನ್ನಾಗಲಿ ನೆಟ್‌ವರ್ಕ್ ಸರಿಮಾಡಲು ರೀಸ್ಟಾರ್ಟ್ ಮಾಡಬೇಡಿ. ಬೇಕೇ ಬೇಕು ಅಂದರೆ ಡ್ಯೂಟಿ ಡಾಕ್ಟರ್ ಒಪ್ಪಬೇಕು, ಬದಲಿ ಮೆಷಿನ್ ಪಕ್ಕದಲ್ಲಿ ರೆಡಿ ಇರಬೇಕು.

ಇನ್ನೊಂದು ಜನ ಮರೆಯುವ ವಿಷಯ. ಕೆಲವು ಮೆಷಿನ್‌ಗಳ ಲ್ಯಾನ್ ಕೇಬಲ್ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಇರುತ್ತದೆ. ಅದು ನೆಟ್‌ವರ್ಕ್ ಐಸೋಲೇಟರ್. ನೆಟ್‌ವರ್ಕ್ ಕಡೆಯಿಂದ ಕರೆಂಟ್ ಸೋರಿ ರೋಗಿಯವರೆಗೆ ಬರದಂತೆ ತಡೆಯುವುದೇ ಅದರ ಕೆಲಸ. ಕೇಬಲ್ ಬದಲಿಸುವಾಗ "ಇದೇನೋ ಎಕ್ಸ್‌ಟ್ರಾ" ಅಂತ ಅದನ್ನು ತೆಗೆದಿಡಬೇಡಿ. ರೋಗಿಯ ಕೈಗೆಟುಕುವ ಜಾಗದಲ್ಲಿ ಸಾಮಾನ್ಯ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಲ್ಯಾಪ್‌ಟಾಪ್ ಚಾರ್ಜ್ ಮಾಡುವುದೂ ಬೇಡ.

ಸೆಂಟ್ರಲ್ ಸ್ಟೇಷನ್‌ನಲ್ಲಿ ಬೆಡ್ ಕಾಣುತ್ತಿಲ್ಲ

ಮೊದಲು ಎಷ್ಟು ಬೆಡ್ ಹೋಗಿವೆ ಅಂತ ಎಣಿಸಿ. ಒಂದೇ ಬೆಡ್ ಹೋಗಿದ್ದರೆ ದೋಷ ಆ ಬೆಡ್‌ನ ಕೇಬಲ್, ಗೋಡೆಯ ಪೋರ್ಟ್ ಅಥವಾ ಮಾನಿಟರ್ ಸೆಟ್ಟಿಂಗ್‌ನಲ್ಲಿದೆ. ಒಂದು ಸಾಲು ಪೂರ್ತಿ ಹೋಗಿದ್ದರೆ ಆ ಸಾಲಿನ ನೆಟ್‌ವರ್ಕ್ ಸ್ವಿಚ್ (ಲ್ಯಾನ್ ಕೇಬಲ್‌ಗಳು ಬಂದು ಸೇರುವ ಡಬ್ಬಿ) ನೋಡಿ. ಎಲ್ಲವೂ ಹೋಗಿದ್ದರೆ ಸೆಂಟ್ರಲ್ ಸ್ಟೇಷನ್ ಕಂಪ್ಯೂಟರ್, ಇಲ್ಲವೇ ಅದಕ್ಕೆ ಹೋಗುವ ಮುಖ್ಯ ಸ್ವಿಚ್. ಎಣಿಸಲು ಅರ್ಧ ನಿಮಿಷ ಸಾಕು, ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಒಂದೇ ಬೆಡ್ ಆಗಿದ್ದರೆ ಮಾನಿಟರ್ ಹಿಂದಿನ ಲ್ಯಾನ್ ಪೋರ್ಟ್‌ನ ಸಣ್ಣ ದೀಪ ನೋಡಿ. ಉರಿಯದಿದ್ದರೆ ಕೇಬಲ್ ತೆಗೆದು ಟಕ್ ಅನ್ನುವಂತೆ ಮತ್ತೆ ಹಾಕಿ. ಬೆಡ್ ತಳ್ಳಾಡುವಾಗ ಪ್ಲಗ್‌ನ ಪ್ಲಾಸ್ಟಿಕ್ ಕೊಂಡಿ ಮುರಿದಿರುವುದು ತುಂಬಾ ಸಾಮಾನ್ಯ. ಆಮೇಲೆ ಚೆನ್ನಾಗಿದೆ ಅಂತ ಗೊತ್ತಿರುವ ಬೇರೆ ಕೇಬಲ್ ಹಾಕಿ ನೋಡಿ. ಅದಾದ ಮೇಲೆ ಖಾಲಿ ಬೆಡ್‌ನ ಪೋರ್ಟ್. ರೋಗಿ ಇರುವ ಪಕ್ಕದ ಬೆಡ್‌ನ ಕೇಬಲ್ ಕಿತ್ತು ಪರೀಕ್ಷೆ ಮಾಡಬೇಡಿ.

ದೀಪ ಉರಿಯುತ್ತಿದೆ, ಆದರೂ ಬೆಡ್ ಕಾಣುತ್ತಿಲ್ಲ ಅಂದರೆ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಆ ಮೆಷಿನ್‌ನ ನಂಬರ್, ನೋಡಿ. ರಿಪೇರಿಗೆ ಹೋಗಿದ್ದ ಮಾನಿಟರ್ ವಾಪಸ್ ಬಂದಿದೆ, ಅದರ ಜಾಗದಲ್ಲಿ ಇಟ್ಟಿದ್ದ ಬದಲಿ ಮಾನಿಟರ್ ಬೇರೆ ಬೆಡ್‌ಗೆ ಹೋಗಿದೆ, ಎರಡಕ್ಕೂ ಒಂದೇ ಐಪಿ, ಒಂದೇ ಬೆಡ್ ಹೆಸರು. ಆಗ ಇದು ಬಂದರೆ ಅದು ಹೋಗುತ್ತದೆ, ಅದು ಬಂದರೆ ಇದು ಹೋಗುತ್ತದೆ. ಈ ಆಟ ಕಂಡರೆ ಇದು ಕಾಣದ ಬೆಡ್‌ನ ಸಮಸ್ಯೆ ಅಲ್ಲ, ತಪ್ಪು ರೋಗಿಯ ಸಮಸ್ಯೆ. ನೇರವಾಗಿ ಕೆಳಗಿನ "ಒಬ್ಬರ ರೀಡಿಂಗ್ ಇನ್ನೊಬ್ಬರ ಚಾರ್ಟ್‌ನಲ್ಲಿ" ಭಾಗಕ್ಕೆ ಹೋಗಿ.

ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ

ಯಾವಾಗ ಹೋಗುತ್ತದೆ ಅಂತ ಒಂದು ದಿನ ಟೈಮ್ ಬರೆದಿಡಿ. ಕರೆಂಟ್ ಹೋಗಿ ಜನರೇಟರ್ ಶುರುವಾಗುವ ಹೊತ್ತಿಗೇ ಆಗುತ್ತಿದ್ದರೆ ಕಾರಣ ಸುಲಭ. ಮಾನಿಟರ್‌ಗೆ ಬ್ಯಾಟರಿ ಇದೆ, ಸರ್ವರ್‌ಗೆ ಯುಪಿಎಸ್ ಇದೆ, ನಡುವಿನ ನೆಟ್‌ವರ್ಕ್ ಸ್ವಿಚ್‌ಗೆ ಮಾತ್ರ ಏನೂ ಇಲ್ಲ. ಕೆಲವೇ ಸೆಕೆಂಡ್ ಕರೆಂಟ್ ಹೋದರೂ ಸ್ವಿಚ್ ಮತ್ತೆ ಬೂಟ್ ಆಗಲು ನಿಮಿಷಗಟ್ಟಲೆ ಹಿಡಿಯುತ್ತದೆ. ನಮ್ಮ ಊರುಗಳ ಲೋಡ್ ಶೆಡ್ಡಿಂಗ್‌ನಲ್ಲಿ ಇದು ದಿನವೂ ಆಗುವಂಥದ್ದು. ಆ ಸ್ವಿಚ್‌ಗೊಂದು ಸಣ್ಣ ಯುಪಿಎಸ್ ಹಾಕಿಸಿ.

ವೈಫೈ ಮೇಲೆ ಓಡುವ ಮೆಷಿನ್ ಆದರೆ ವಿಸಿಟಿಂಗ್ ಅವರ್ಸ್‌ನಲ್ಲಿ ಜಾಸ್ತಿ ಆಗುತ್ತದಾ ನೋಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು ಮೂರೇ: 1, 6, 11. ಅದೇ ಜಾಗದಲ್ಲಿ ಸಂಬಂಧಿಕರ ಹಾಟ್‌ಸ್ಪಾಟ್, ಪ್ಯಾಂಟ್ರಿಯ ಮೈಕ್ರೋವೇವ್, ಬ್ಲೂಟೂತ್ ಎಲ್ಲವೂ ಗಲಾಟೆ ಮಾಡುತ್ತವೆ. ಮೆಷಿನ್‌ಗೆ ಸಾಮರ್ಥ್ಯ ಇದ್ದರೆ 5 ಗಿಗಾಹರ್ಟ್ಸ್‌ಗೆ ಹಾಕಿ. ಜಾಗ ಬಿಟ್ಟು ಕದಲದ ಮೆಷಿನ್‌ಗೆ ಕೇಬಲ್ಲೇ ಎಳೆಸಿ, ಅದರ ಬಗ್ಗೆ ಚೌಕಾಸಿ ಬೇಡ. ಆದರೆ ಸಿಗ್ನಲ್ ಸಿಗಲಿ ಅಂತ ಮಾನಿಟರ್‌ಗಳನ್ನು ಗೆಸ್ಟ್ ವೈಫೈಗೆ ಸೇರಿಸುವುದು, ವೈಫೈ ಪಾಸ್‌ವರ್ಡ್ ತೆಗೆದುಬಿಡುವುದು, ಎರಡನ್ನೂ ಮಾಡಬೇಡಿ.

ಮಾನಿಟರ್‌ನಲ್ಲಿ ಇದೆ, ಇಎಂಆರ್‌ನಲ್ಲಿ ಇಲ್ಲ

ನೆಟ್‌ವರ್ಕ್ ಚೆನ್ನಾಗಿದೆ, ಸೆಂಟ್ರಲ್ ಸ್ಟೇಷನ್‌ನಲ್ಲೂ ಕಾಣುತ್ತಿದೆ, ಚಾರ್ಟ್ ಮಾತ್ರ ಖಾಲಿ. ಆಗ ಗೇಟ್‌ವೇ ಕಡೆ ನೋಡಬೇಕು. ಹೆಚ್ಚಿನ ಕಡೆ ಇಲ್ಲಿ ಓಡುವುದು ಎಚ್‌ಎಲ್7 ಎಂಬ ಆಸ್ಪತ್ರೆ ಡೇಟಾ ಮಾನದಂಡದ ಆವೃತ್ತಿ 2ರ ಸಂದೇಶಗಳು. ರೋಗಿ ದಾಖಲಾದಾಗ ಆಸ್ಪತ್ರೆ ಸಾಫ್ಟ್‌ವೇರ್ ಎಡಿಟಿ ಎಂಬ ಸಂದೇಶ ಕಳಿಸುತ್ತದೆ. ಅದರಲ್ಲಿ ಎ01 ಅಂದರೆ ದಾಖಲು, ಎ02 ಅಂದರೆ ಬೆಡ್ ಬದಲು, ಎ03 ಅಂದರೆ ಡಿಸ್ಚಾರ್ಜ್. ರೀಡಿಂಗ್‌ಗಳು ಆ ಕಡೆ ಹೋಗುವುದು ಒಆರ್‌ಯು ಎಂಬ ಸಂದೇಶದಲ್ಲಿ.

ಮೊದಲು ಗೇಟ್‌ವೇ ಕ್ಯೂ, ಅಂದರೆ ಕಳಿಸಲು ಕಾದಿರುವ ಸಂದೇಶಗಳ ಸಾಲು, ನೋಡಿ. ಸಂದೇಶಗಳು ರಾಶಿ ಬಿದ್ದಿದ್ದರೆ ಇಎಂಆರ್ ಕಡೆಯ ಪೋರ್ಟ್ (ಸಂದೇಶ ಒಳಗೆ ಬಿಡುವ ನಂಬರಿನ ಬಾಗಿಲು) ಮುಚ್ಚಿದೆ, ಇಲ್ಲವೇ ಆ ಸರ್ವೀಸ್ ನಿಂತಿದೆ. ಕ್ಯೂ ಖಾಲಿ ಇದ್ದೂ ಚಾರ್ಟ್ ಖಾಲಿ ಅಂದರೆ ವಾಪಸ್ ಬಂದ ಉತ್ತರ ನೋಡಿ. ಎಎ ಅಂದರೆ ಒಪ್ಪಿಕೊಂಡಿದೆ. ಎಇ ಅಂದರೆ ಸಂದೇಶದಲ್ಲಿ ಏನೋ ದೋಷ. ಎಆರ್ ಅಂದರೆ ತಿರಸ್ಕಾರ. ಎಇ ಬರುತ್ತಿದ್ದರೆ ಹೆಚ್ಚಾಗಿ ಬೆಡ್ ಹೆಸರು ಹೊಂದುತ್ತಿಲ್ಲ ಅಂತಲೇ. ಮಾನಿಟರ್‌ನಲ್ಲಿ "ಐಸಿಯು-04", ಇಎಂಆರ್‌ನಲ್ಲಿ "ಐಸಿಯು 4". ಮನುಷ್ಯರಿಗೆ ಒಂದೇ, ಕಂಪ್ಯೂಟರ್‌ಗೆ ಎರಡು.

ಸ್ಕ್ಯಾನಿಂಗ್ ರೂಮಿನ ಕಥೆಯೂ ಹೀಗೇ. ಅಲ್ಟ್ರಾಸೌಂಡ್‌ನಿಂದ ಪ್ಯಾಕ್ಸ್‌ಗೆ, ಅಂದರೆ ಸ್ಕ್ಯಾನ್ ಚಿತ್ರ ಇಡುವ ಸರ್ವರ್‌ಗೆ, ಚಿತ್ರ ಹೋಗದಿದ್ದರೆ ಮೊದಲು ಪಿಂಗ್ ಮಾಡಿ (ನೆಟ್‌ವರ್ಕ್ ಮುಟ್ಟುತ್ತದಾ ಅನ್ನುವ ಪರೀಕ್ಷೆ), ಆಮೇಲೆ ಡೈಕಾಮ್ ಎಕೋ ಮಾಡಿ (ಚಿತ್ರ ಕಳಿಸುವ ಭಾಷೆಯಾದ ಡೈಕಾಮ್‌ನಲ್ಲಿ ಉತ್ತರ ಬರುತ್ತದಾ ಅನ್ನುವ ಪರೀಕ್ಷೆ). ಪಿಂಗ್ ಪಾಸ್, ಎಕೋ ಫೇಲ್ ಅಂದರೆ ಪೋರ್ಟ್ ನಂಬರ್ ಅಥವಾ ಎಇ ಟೈಟಲ್ (ಡೈಕಾಮ್‌ನಲ್ಲಿ ಆ ಮೆಷಿನ್‌ಗಿರುವ ಹೆಸರು, ಮೇಲಿನ ಎಇ ಉತ್ತರ ಅಲ್ಲ) ತಪ್ಪಿದೆ. ಎಇ ಟೈಟಲ್‌ನಲ್ಲಿ ಸಣ್ಣಕ್ಷರ, ದೊಡ್ಡಕ್ಷರ ಬೇರೆ ಬೇರೆ. 16 ಅಕ್ಷರಕ್ಕಿಂತ ಉದ್ದ ಇರುವಂತಿಲ್ಲ.

ಒಬ್ಬರ ರೀಡಿಂಗ್ ಇನ್ನೊಬ್ಬರ ಚಾರ್ಟ್‌ನಲ್ಲಿ

ಈ ಇಡೀ ಬರಹದಲ್ಲಿ ಒಂದೇ ಭಾಗ ಓದಲು ಟೈಮ್ ಇದ್ದರೆ ಇದನ್ನು ಓದಿ.

ಲಕ್ಷಣ ಸಣ್ಣದಾಗಿ ಕಾಣುತ್ತದೆ. "ಈ ಅಜ್ಜಿಗೆ ಬಿಪಿ ಯಾವಾಗಲೂ ಕಡಿಮೆ ಇತ್ತು, ಇಎಂಆರ್‌ನಲ್ಲಿ ಬೆಳಗ್ಗೆಯಿಂದ 170 ತೋರಿಸ್ತಿದೆ" ಅಂತ ಸಿಸ್ಟರ್ ಹೇಳುತ್ತಾರೆ. ಅಥವಾ ಡಿಸ್ಚಾರ್ಜ್ ಆಗಿ ಮನೆಗೆ ಹೋದವರ ಚಾರ್ಟ್‌ನಲ್ಲಿ ಇನ್ನೂ ಪಲ್ಸ್ ಬರುತ್ತಿರುತ್ತದೆ. ಸಿಸ್ಟರ್ ಹೀಗೆ ಹೇಳಿದರೆ ನಂಬಿ. ಮೆಷಿನ್ ಸರಿ ಇದೆ ಅಂತ ವಾದ ಮಾಡುತ್ತಾ ಕೂರಬೇಡಿ.

ತಕ್ಷಣ ಮಾಡಬೇಕಾದ್ದು: ಆ ಬೆಡ್‌ನಿಂದ ಇಎಂಆರ್‌ಗೆ ಹೋಗುವ ಡೇಟಾ ನಿಲ್ಲಿಸಿ, ಮಾನಿಟರ್ ಓಡುತ್ತಿರಲಿ. ಡ್ಯೂಟಿ ಡಾಕ್ಟರ್‌ಗೆ ತಿಳಿಸಿ. ತಪ್ಪು ರೀಡಿಂಗ್ ನೋಡಿ ಯಾವುದಾದರೂ ಡೋಸ್ ಬದಲಾಗಿದೆಯಾ ಅಂತ ಅವರು ನೋಡಬೇಕು. ಎರಡೂ ಬೆಡ್‌ಗಳಲ್ಲಿ ಕೈಯಿಂದ ಬಿಪಿ, ಪಲ್ಸ್ ತೆಗೆದು ಹೋಲಿಸಿ. ಎರಡೂ ಅಂದಿದ್ದೇನೆ, ಯಾಕೆಂದರೆ ಒಬ್ಬರ ಚಾರ್ಟ್‌ಗೆ ತಪ್ಪು ರೀಡಿಂಗ್ ಬಂದಿದೆ ಅಂದರೆ ಇನ್ನೊಬ್ಬರ ಚಾರ್ಟ್‌ನಲ್ಲಿ ಇರಬೇಕಾದ್ದು ಇಲ್ಲ, ಅವರನ್ನು ಯಾರೂ ನೋಡುತ್ತಿಲ್ಲ. ತಪ್ಪಾಗಿ ದಾಖಲಾದದ್ದನ್ನು ಅಳಿಸಬೇಡಿ. ಇಎಂಆರ್‌ನಲ್ಲಿ "ತಪ್ಪು ದಾಖಲೆ" ಅಂತ ಗುರುತು ಹಾಕುವ ದಾರಿ ಇರುತ್ತದೆ, ಅದನ್ನೇ ಬಳಸಿ.

ಆಮೇಲೆ ಕಾರಣ ಹುಡುಕಿ. ಸಾಮಾನ್ಯವಾಗಿ ಇಷ್ಟರಲ್ಲೇ ಇರುತ್ತದೆ. ಹಳೆಯ ರೋಗಿ ಹೋದ ಮೇಲೆ ಮಾನಿಟರ್‌ನಲ್ಲಿ ಡಿಸ್ಚಾರ್ಜ್ ಬಟನ್ ಒತ್ತಿಲ್ಲ, ಹೊಸಬರು ಅದೇ ಹೆಸರಿನ ಕೆಳಗೆ ಬಂದಿದ್ದಾರೆ. ಅಥವಾ ರೋಗಿಯನ್ನು ರಾತ್ರಿ ಬೇರೆ ಬೆಡ್‌ಗೆ ಹಾಕಿದ್ದಾರೆ, ಕೌಂಟರ್‌ನಲ್ಲಿ ಬೆಳಗ್ಗೆ ಎಂಟ್ರಿ ಮಾಡಿದ್ದಾರೆ, ನಡುವಿನ ಅಷ್ಟೂ ಹೊತ್ತು ಗೇಟ್‌ವೇಗೆ ಹಳೆಯ ಬೆಡ್ಡೇ ಗೊತ್ತು. ಅಥವಾ ಮಾನಿಟರನ್ನೇ ಎತ್ತಿಕೊಂಡು ಹೋಗಿದ್ದಾರೆ, ಬೆಡ್ ಹೆಸರು ಬದಲಿಸಿಲ್ಲ. ಅಥವಾ ವಾರ್ಡ್‌ನಲ್ಲಿ ಒಂದೇ ಹೆಸರಿನ ಇಬ್ಬರು ಇದ್ದಾರೆ, ಲಿಸ್ಟ್‌ನಲ್ಲಿ ಮೇಲಿದ್ದ ಹೆಸರನ್ನು ಒತ್ತಿದ್ದಾರೆ.

ಇವೆಲ್ಲದರ ಬೇರು ಒಂದೇ. ಗೇಟ್‌ವೇಗೆ ರೋಗಿ ಗೊತ್ತಿಲ್ಲ, ಬೆಡ್ ಮಾತ್ರ ಗೊತ್ತು. "4ನೇ ಬೆಡ್‌ನಲ್ಲಿ ಈಗ ಯಾರಿದ್ದಾರೋ ಅವರದ್ದು" ಅಂತ ಅಂದುಕೊಂಡು ಕಳಿಸುತ್ತದೆ. ಆದ್ದರಿಂದ ಕೈಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿ ರೋಗಿಯನ್ನೂ ಮೆಷಿನನ್ನೂ ಜೋಡಿಸುವ ಪದ್ಧತಿ ತರಬೇಕು. ಅದು ಆಗುವವರೆಗೆ ಪ್ರತಿ ಶಿಫ್ಟ್ ಬದಲಾಗುವಾಗ ಕೈಪಟ್ಟಿ, ಮಾನಿಟರ್, ಇಎಂಆರ್ ಮೂರರಲ್ಲೂ ಹೆಸರು ಮತ್ತು ಐಪಿ ನಂಬರ್, ಅಂದರೆ ಇನ್‌ಪೇಷೆಂಟ್ ನಂಬರ್, ಓದಿ ಹೋಲಿಸಬೇಕು. ಈಗ ದಾಖಲೆಗಳು ಆಭಾ ಎಂಬ 14 ಅಂಕಿಯ ರಾಷ್ಟ್ರೀಯ ಆರೋಗ್ಯ ಖಾತೆ ಸಂಖ್ಯೆಗೂ ಜೋಡಣೆಯಾಗುತ್ತಿವೆ. ಇಲ್ಲಿ ತಪ್ಪಿದ ರೀಡಿಂಗ್ ನಾಳೆ ಬೇರೆ ಊರಿನ ಡಾಕ್ಟರ್ ಮುಂದೆಯೂ ಬರಬಹುದು.

ಒಂದು ಬೆಡ್ ಸರಿಮಾಡಿದ ಮೇಲೂ ಎರಡನೇ ಸಲ ಆದರೆ ನೀವೇ ಒದ್ದಾಡಬೇಡಿ. ಗೇಟ್‌ವೇ ಕಂಪನಿಯವರನ್ನು ಕರೆಸಿ, ಅವರು ಬರುವವರೆಗೆ ಇಡೀ ವಾರ್ಡ್ ಪೇಪರ್ ಚಾರ್ಟ್ ಬಳಸಲಿ.

ಟೈಮ್ ಹೊಂದುತ್ತಿಲ್ಲ

ವ್ಯತ್ಯಾಸ ಸರಿಯಾಗಿ 5 ಗಂಟೆ 30 ನಿಮಿಷ ಇದೆಯಾ ನೋಡಿ. ಇದ್ದರೆ ಗಡಿಯಾರ ಕೆಟ್ಟಿಲ್ಲ, ಯಾವುದೋ ಒಂದು ಕಡೆ ಭಾರತದ ಸಮಯದ ಬದಲು ಯುಟಿಸಿ ಎಂಬ ಜಾಗತಿಕ ಸಮಯ ಇದೆ. ಟೈಮ್‌ಝೋನ್ ಸೆಟ್ಟಿಂಗ್ ಸರಿಮಾಡಿದರೆ ಆಯಿತು. ದಿನಕ್ಕೆ ಕೆಲವು ಸೆಕೆಂಡ್ ಜಾರುತ್ತಾ ಹೋಗುತ್ತಿದ್ದರೆ ಆ ಮೆಷಿನ್ ಟೈಮ್ ಸರ್ವರ್‌ಗೆ ಸೇರಿಲ್ಲ. ಸ್ವಿಚ್ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ 2000ನೇ ಇಸವಿಯಂಥ ಹಳೆಯ ತಾರೀಕು ತೋರಿಸಿದರೆ ಒಳಗಿನ ಸಣ್ಣ ಬ್ಯಾಟರಿ ಮುಗಿದಿದೆ.

ಟೈಮ್ ತಾನೇ ಅಂತ ಬಿಡಬೇಡಿ. ಔಷಧಿ ಕೊಟ್ಟ ಮೇಲೆ ಬಿಪಿ ಇಳಿಯಿತಾ, ಇಳಿದ ಮೇಲೆ ಔಷಧಿ ಕೊಟ್ಟರಾ ಅನ್ನುವುದು ಟೈಮ್ ನೋಡಿಯೇ ಗೊತ್ತಾಗಬೇಕು. ಕಾನೂನಿನ ಕಡೆಯಿಂದಲೂ ಇದು ಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸಂಸ್ಥೆಗಳ ಕಂಪ್ಯೂಟರ್ ಗಡಿಯಾರಗಳು ಎನ್‌ಐಸಿ ಅಥವಾ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಟೈಮ್ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಜೋಡಿಸಿದ ಸರ್ವರ್‌ಗೆ ಹೊಂದಿರಬೇಕು. ಆಸ್ಪತ್ರೆಯೊಳಗೆ ಒಂದು ಟೈಮ್ ಸರ್ವರ್ ಇಟ್ಟು ಮೆಷಿನ್‌ಗಳೆಲ್ಲ ಅದನ್ನೇ ಕೇಳುವಂತೆ ಮಾಡಿ. ಟೈಮ್‌ಗೋಸ್ಕರ ಒಂದೊಂದು ಮಾನಿಟರ್‌ಗೂ ಇಂಟರ್ನೆಟ್ ತೆರೆಯುವ ಅಗತ್ಯ ಇಲ್ಲ.

ಸಂಖ್ಯೆ ವಿಚಿತ್ರವಾಗಿದೆ

ಎಂಡ್ ಟೈಡಲ್ ಕಾರ್ಬನ್ ಡೈಆಕ್ಸೈಡ್ (ಉಸಿರು ಬಿಡುವ ಕೊನೆಯಲ್ಲಿ ಅಳೆಯುವುದು) 5 ಅಂತ ಬಂದರೆ ರೋಗಿಗೆ ಏನೋ ಆಗಿದೆ, ಅಥವಾ ಯೂನಿಟ್ ತಪ್ಪಿದೆ. ಮೊದಲು ರೋಗಿಯನ್ನು ನೋಡಿ. ಅವರು ಚೆನ್ನಾಗಿದ್ದರೆ ಆ 5 ಕಿಲೊಪಾಸ್ಕಲ್ ಇರಬಹುದು. ಒಂದು ಕಿಲೊಪಾಸ್ಕಲ್ ಅಂದರೆ ಸುಮಾರು 7.5 ಮಿಲಿಮೀಟರ್ ಮರ್ಕ್ಯುರಿ, ಹಾಗಾಗಿ 5 ಅಂದರೆ 37.5, ಅದು ನಾರ್ಮಲ್. ಶುಗರ್ ಕೂಡ ಹಾಗೆ. ಡೆಸಿಲೀಟರ್‌ಗೆ 180 ಮಿಲಿಗ್ರಾಂ ಅನ್ನುವುದೇ ಇನ್ನೊಂದು ಯೂನಿಟ್‌ನಲ್ಲಿ ಲೀಟರ್‌ಗೆ 10 ಮಿಲಿಮೋಲ್. ಸಂಖ್ಯೆ 18 ಪಟ್ಟು ಅಥವಾ 7.5 ಪಟ್ಟು ತಪ್ಪಿದ್ದರೆ ಸೆನ್ಸರ್ ಬದಲಿಸಲು ಹೋಗಬೇಡಿ, ಗೇಟ್‌ವೇ ಮ್ಯಾಪಿಂಗ್ ನೋಡಿ. ಸಂದೇಶದಲ್ಲಿ ಸಂಖ್ಯೆಯ ಜೊತೆ ಯೂನಿಟ್ ಕೂಡ ಹೋಗುತ್ತಿದೆಯಾ, ಇಎಂಆರ್ ಅದನ್ನು ಓದುತ್ತಿದೆಯಾ ಅಂತ ಪರೀಕ್ಷಿಸಿ. ಯೂನಿಟ್ ಇಲ್ಲದೆ ಬರುವ ಸಂಖ್ಯೆಯನ್ನು ಇಎಂಆರ್ ತೆಗೆದುಕೊಳ್ಳಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಲಾರಂ ತಡವಾಗಿ ಬರುತ್ತಿದೆ, ಪಂಪ್ ಮಾತು ಕೇಳುತ್ತಿಲ್ಲ

ಮೊಬೈಲ್‌ಗೆ ಬರುವ ಅಲಾರಂ ನೆನಪಿಸಲಿಕ್ಕೆ ಮಾತ್ರ. ಅದು ಬೆಡ್ ಪಕ್ಕದ ಅಲಾರಂನ ಬದಲಿ ಅಲ್ಲ. ತಡ ಎಷ್ಟು ಅಂತ ತಿಳಿಯಲು ರೋಗಿಯ ಬದಲು ಸಿಗ್ನಲ್ ಕೊಡುವ ಪೇಷೆಂಟ್ ಸಿಮ್ಯುಲೇಟರ್ ಹಾಕಿ, ಲಿಮಿಟ್ ದಾಟಿಸಿ, ಸ್ಟಾಪ್‌ವಾಚ್ ಒತ್ತಿ. ರೋಗಿಯ ಸೆನ್ಸರ್ ಕಿತ್ತು ಪರೀಕ್ಷೆ ಮಾಡಬೇಡಿ.

ಪಂಪ್‌ಗೆ ಹೊಸ ಡ್ರಗ್ ಲೈಬ್ರರಿ, ಅಂದರೆ ಔಷಧಿಗಳ ಡೋಸ್ ಲಿಮಿಟ್ ಪಟ್ಟಿ, ಕಳಿಸಿದರೂ ಹಳೆಯದೇ ತೋರಿಸುತ್ತಿದ್ದರೆ ಗಾಬರಿ ಬೇಡ. ಎಷ್ಟೋ ಪಂಪ್‌ಗಳು ಹೊಸ ಲೈಬ್ರರಿ ಇಳಿಸಿಕೊಂಡು ಸುಮ್ನೆ ಇಟ್ಟುಕೊಂಡಿರುತ್ತವೆ, ಆಫ್ ಆಗಿ ಮತ್ತೆ ಆನ್ ಆದಾಗಲೇ ಬಳಸುತ್ತವೆ. ಇನ್ಫ್ಯೂಷನ್ ನಡುವೆ ಲಿಮಿಟ್ ಬದಲಾಗಬಾರದು ಅಂತಲೇ ಹಾಗೆ ಮಾಡಿದ್ದಾರೆ. ಡ್ರಿಪ್ ಮುಗಿಯುವವರೆಗೆ ಕಾಯಿರಿ.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಎಲ್ಲ ಒಂದೇ ಪರದೆಯಲ್ಲಿ ಕಾಣುತ್ತದೆ, ಹಾಗಾಗಿ ಆಕ್ಸಿಜನ್ ಕಡಿಮೆಯಾದರೆ ಮಾರ್ಫಿನ್ ಪಂಪ್ ತಾನೇ ನಿಲ್ಲುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಬೇರೆ ಬೇರೆ ಕಂಪನಿಯ ಮೆಷಿನ್‌ಗಳನ್ನು ಒಂದೇ ಪರದೆಗೆ ತಂದಮಾತ್ರಕ್ಕೆ ಹಾಗೆ ಆಗುವುದಿಲ್ಲ. ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ ಜೂಲಿಯನ್ ಗೋಲ್ಡ್‌ಮನ್ 2004ರಲ್ಲಿ ಇಂಥ ಜೋಡಣೆಗಾಗಿಯೇ ಒಂದು ಕಾರ್ಯಕ್ರಮ ಶುರು ಮಾಡಿದರು, 2009ರಲ್ಲಿ ಅದಕ್ಕೊಂದು ಮಾನದಂಡವೂ ಬಂತು. ಆದರೂ ನಿಮ್ಮ ವಾರ್ಡ್‌ನಲ್ಲಿ ಪಂಪ್ ನಿಲ್ಲಿಸುವುದು ಸಿಸ್ಟರ್ ಕೈಯೇ. ಅದು ಎಲ್ಲರಿಗೂ ಗೊತ್ತಿರಲಿ.

ಅಪ್‌ಡೇಟ್ ಅಥವಾ ಆಂಟಿವೈರಸ್ ಆದ ಮೇಲೆ ನಿಂತಿತು

2016ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣ ನಿಯಂತ್ರಕ ಎಫ್‌ಡಿಎಗೆ ಬಂದ ಒಂದು ವರದಿ ಹೀಗಿದೆ. ಹೃದಯದ ಕ್ಯಾಥೆಟರ್ ಪ್ರೊಸೀಜರ್ ನಡೆಯುತ್ತಿರುವಾಗಲೇ ಆಂಟಿವೈರಸ್ ಸ್ಕ್ಯಾನ್ ಶುರುವಾಗಿ ಮಾನಿಟರಿಂಗ್ ಕಂಪ್ಯೂಟರ್‌ನ ಪರದೆ ಕಪ್ಪಾಯಿತು. ರೀಬೂಟ್ ಆಗುವವರೆಗೆ ಸುಮಾರು ಐದು ನಿಮಿಷ ಕಾಯಬೇಕಾಯಿತು. ರೋಗಿಗೆ ಆಗ ಮಂಪರು ಕೊಟ್ಟಿದ್ದರು. ಪ್ರೊಸೀಜರ್ ಸುರಕ್ಷಿತವಾಗಿ ಮುಗಿಯಿತು. ಕಾರಣ ಆಂಟಿವೈರಸ್ ಸೆಟ್ಟಿಂಗ್. ಗಂಟೆಗೊಮ್ಮೆ ಸ್ಕ್ಯಾನ್ ಆಗುವಂತೆ ಹಾಕಿದ್ದರು, ಕಂಪನಿ ಬಿಡಲು ಹೇಳಿದ್ದ ಫೈಲ್‌ಗಳನ್ನು ಬಿಟ್ಟಿರಲಿಲ್ಲ.

ಹಾಗಂತ ಆಂಟಿವೈರಸ್ ತೆಗೆಯುವುದು ಪರಿಹಾರ ಅಲ್ಲ. ಯಾವ ಫೋಲ್ಡರ್ ಬಿಡಬೇಕು, ಯಾವ ವಿಂಡೋಸ್ ಪ್ಯಾಚ್ ಹಾಕಬಹುದು ಅಂತ ಕಂಪನಿಯಿಂದ ಲಿಖಿತವಾಗಿ ತರಿಸಿಕೊಳ್ಳಿ, ಬದಲಿ ಮೆಷಿನ್ ಮೇಲೆ ಮೊದಲು ಹಾಕಿ ನೋಡಿ. ಎಎಂಸಿಗೆ, ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ, ಸಹಿ ಮಾಡುವಾಗಲೇ ಇದನ್ನು ಸೇರಿಸಿಬಿಡಿ.

ಇದು ದೋಷ ಅಲ್ಲ, ಯಾರೋ ಒಳಗೆ ಬಂದಿದ್ದಾರೆ ಅನ್ನಿಸಿದಾಗ

ಒಂದೇ ಹೊತ್ತಿಗೆ ಹಲವು ಕಂಪ್ಯೂಟರ್ ನಿಧಾನ, ಫೈಲ್‌ಗಳ ಹೆಸರು ಬದಲಾಗಿದೆ, ಹಣ ಕೇಳುವ ಸಂದೇಶ ಬಂದಿದೆ, ಮಾನಿಟರ್ ಹೊರಗಿನ ಗೊತ್ತಿಲ್ಲದ ಐಪಿ ಜೊತೆ ಮಾತಾಡುತ್ತಿದೆ. ಇವುಗಳಲ್ಲಿ ಒಂದು ಕಂಡರೂ ರಿಪೇರಿ ನಿಲ್ಲಿಸಿ. ಕೊನೆಯದು ಕಲ್ಪನೆಯಲ್ಲ. 2025ರ ಜನವರಿಯಲ್ಲಿ ಕಾಂಟೆಕ್ ಸಿಎಂಎಸ್8000 ಎಂಬ ಪೇಷೆಂಟ್ ಮಾನಿಟರ್ ಬಗ್ಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಮತ್ತು ಎಫ್‌ಡಿಎ ಇಂಥದ್ದೇ ಎಚ್ಚರಿಕೆ ಕೊಟ್ಟವು. ಸಾಫ್ಟ್‌ವೇರ್ ಒಳಗೇ ಒಂದು ಹೊರಗಿನ ಐಪಿ ಬರೆದಿತ್ತು. ನೆಟ್‌ವರ್ಕ್ ಕೇಬಲ್ ತೆಗೆದು ಬೆಡ್ ಪಕ್ಕದಲ್ಲಷ್ಟೇ ಬಳಸಿ ಅನ್ನುವುದು ಎಫ್‌ಡಿಎ ಸಲಹೆಯಾಗಿತ್ತು.

ನೀವು ಮಾಡಬೇಕಾದ್ದೂ ಅಷ್ಟೇ: ನೆಟ್‌ವರ್ಕ್ ಕೇಬಲ್ ತೆಗೆಯಿರಿ, ಪವರ್ ತೆಗೆಯಬೇಡಿ. ರೋಗಿಯ ಮೇಲಿರುವ ಮೆಷಿನ್ ನೆಟ್‌ವರ್ಕ್ ಇಲ್ಲದೆ ಓಡಲಿ. ಸರ್ವರ್ ಫಾರ್ಮ್ಯಾಟ್ ಮಾಡಬೇಡಿ, ಸಾಕ್ಷ್ಯ ಹೋಗುತ್ತದೆ. ಪೆನ್‌ಡ್ರೈವ್ ಹಾಕಿ ಫೈಲ್ ಕಾಪಿ ಮಾಡಲು ಹೋಗಬೇಡಿ. ಆಡಳಿತಕ್ಕೆ ತಿಳಿಸಿ, ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಿ. ಅದು ಕಡ್ಡಾಯ.

ಒಳಗೆ ಬಂದವರು ಎಲ್ಲೆಲ್ಲಿಗೂ ಹರಡುವುದು ಯಾಕೆ ಅನ್ನುವುದಕ್ಕೆ ದೆಹಲಿಯ ಏಮ್ಸ್ ಉದಾಹರಣೆ ಸಾಕು. 2022ರ ನವೆಂಬರ್ 23ರ ದಾಳಿಯಲ್ಲಿ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಡೇಟಾ ಲಾಕ್ ಆಯಿತು. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿತು. 2017ರ ಮೇ ತಿಂಗಳ ವಾನಾಕ್ರೈ ಎಂಬ ಹಣ ಕೇಳುವ ವೈರಸ್ ದಾಳಿಯಲ್ಲಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಸುಮಾರು 19,000 ಅಪಾಯಿಂಟ್‌ಮೆಂಟ್ ರದ್ದಾದ ಅಂದಾಜಿದೆ. ಅದನ್ನು ತಡೆಯುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು.

ಹಾಗಾಗಿ ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ, ಗೆಸ್ಟ್ ವೈಫೈ, ಮೆಡಿಕಲ್ ಮೆಷಿನ್ ಎಲ್ಲ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಇವತ್ತೇ ಬೇರೆ ಮಾಡಲು ಶುರು ಮಾಡಿ. ಮೆಷಿನ್‌ಗಳಿಗೆ ಪ್ರತ್ಯೇಕ ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್) ಇರಲಿ, ಅಲ್ಲಿಂದ ಗೇಟ್‌ವೇಗೆ ಬೇಕಾದ ಪೋರ್ಟ್ ಮಾತ್ರ ತೆರೆದಿರಲಿ. ಸರ್ವೀಸ್ ಇಂಜಿನಿಯರ್ ಅನುಕೂಲಕ್ಕೆ ಅಂತ ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಸದಾ ಆನ್ ಇಡುವುದನ್ನು ನಿಲ್ಲಿಸಿ. ಅವರು ಕೇಳಿದಾಗ ಆನ್ ಮಾಡಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ. ಏನೂ ಕೆಲಸ ಮಾಡದಿದ್ದಾಗ "ಫೈರ್‌ವಾಲ್ ಆಫ್ ಮಾಡಿ ನೋಡಿ" ಅಂತ ಫೋನ್‌ನಲ್ಲಿ ಯಾರಾದರೂ ಹೇಳಿದರೆ ಯಾವ ಪೋರ್ಟ್ ಬೇಕು ಅಂತ ಕೇಳಿ. ಉತ್ತರ ಗೊತ್ತಿಲ್ಲದವರ ಮಾತಿಗೆ ಫೈರ್‌ವಾಲ್ ಆಫ್ ಮಾಡಬೇಡಿ.

ವಾಪಸ್ ರೋಗಿಗೆ ಹಾಕುವ ಮುಂಚೆ

ಸಿಮ್ಯುಲೇಟರ್‌ನಲ್ಲಿ ಬಿಪಿ 120/80 ಇಡಿ. ಅದೇ ಸಂಖ್ಯೆ ಮಾನಿಟರ್, ಸೆಂಟ್ರಲ್ ಸ್ಟೇಷನ್, ಇಎಂಆರ್‌ನ ಟೆಸ್ಟ್ ರೋಗಿಯ ಚಾರ್ಟ್ ಮೂರರಲ್ಲೂ ಬರಬೇಕು. ಆಮೇಲೆ ಸಂಖ್ಯೆ ಬದಲಿಸಿ ಮತ್ತೆ ನೋಡಿ, ಹಳೆಯದೇ ಅಂಟಿಕೊಂಡಿರಬಹುದು. ಟೈಮ್, ಯೂನಿಟ್, ಬೆಡ್ ಹೆಸರು ಓದಿ. ಕೇಬಲ್ ತೆಗೆದಾಗ ಸೆಂಟ್ರಲ್ ಸ್ಟೇಷನ್ "ಸಂಪರ್ಕ ಇಲ್ಲ" ಅಂತ ಕೂಗುತ್ತದಾ ಪರೀಕ್ಷಿಸಿ. ಕೊನೆಯ ಸಂಖ್ಯೆಯನ್ನೇ ತೋರಿಸುತ್ತಾ ಸುಮ್ಮನಿದ್ದರೆ ಆ ಮೆಷಿನನ್ನು ವಾರ್ಡ್‌ಗೆ ಕೊಡಬೇಡಿ.

ರೋಗಿಗೆ ತೊಂದರೆ ಆಗಿದ್ದರೆ, ಅಥವಾ ಸ್ವಲ್ಪದರಲ್ಲೇ ತಪ್ಪಿದ್ದರೂ, ವೈದ್ಯಕೀಯ ಉಪಕರಣಗಳಿಂದಾದ ತೊಂದರೆ ದಾಖಲಿಸುವ ಮೆಟೀರಿಯೋವಿಜಿಲೆನ್ಸ್ ಪ್ರೋಗ್ರಾಂಗೆ ವರದಿ ಮಾಡಿ. 2015ರಲ್ಲಿ ಶುರುವಾದ ಇದನ್ನು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನೋಡಿಕೊಳ್ಳುತ್ತದೆ. ಡಾಕ್ಟರೇ ಬರೆಯಬೇಕು ಅಂತಿಲ್ಲ, ಸಿಸ್ಟರ್ ಬರೆಯಬಹುದು, ಇಂಜಿನಿಯರ್ ಬರೆಯಬಹುದು. ಮಾಡೆಲ್, ಸೀರಿಯಲ್ ನಂಬರ್ ಜೊತೆಗೆ ಸಾಫ್ಟ್‌ವೇರ್ ಆವೃತ್ತಿಯನ್ನೂ, ಆ ಮೆಷಿನ್ ಆಗ ಬೇರೆ ಯಾವುದಕ್ಕೆ ಜೋಡಣೆಯಾಗಿತ್ತು ಅನ್ನುವುದನ್ನೂ ಬರೆಯಿರಿ. ಎರಡು ಮೆಷಿನ್ ಸೇರಿದ ಜಾಗದಲ್ಲಿ ಹುಟ್ಟುವ ದೋಷ ಒಂದರ ಸೀರಿಯಲ್ ನಂಬರ್‌ನಿಂದ ಪತ್ತೆಯಾಗುವುದಿಲ್ಲ.